ರೊಟ್ಟಿ ಮುಚ್ಚಿದ ಗ್ಲಾಸು

ಫೆಬ್ರುವರಿಯ ಮೊದಲ ಶನಿವಾರ ಹಳೆಯ ಶಾಲೆಗೆ ಹೋಗಬೇಕು ಎನ್ನುವುದನ್ನು ಬೆಲಾರುಸಿನಲ್ಲಿ ಯಾರೂ ಯಾರಿಗೂ ನೆನಪಿಸಬೇಕಾಗಿಲ್ಲ. ತಲೆ ನೆರೆತಿರಲಿ, ಹಲ್ಲು ಉದುರಿರಲಿ, ಆ ಸಂಜೆ ಊರೂರಿನ ಶಾಲೆಗಳಲ್ಲಿ ದೀಪ ಹತ್ತುತ್ತದೆ, ಹಳೆಯ ಮಕ್ಕಳು ತಮ್ಮ ತಮ್ಮ ಕ್ಲಾಸು ಹುಡುಕಿಕೊಂಡು ಬರುತ್ತಾರೆ. ತಾದೆವುಶ್ ಮಾತ್ರ ಇಪ್ಪತ್ತು ವರ್ಷಗಳಿಂದ ಬಂದಿರಲಿಲ್ಲ. ಅವನು ಓದಿದ ವೆರ್ಬಿನ ಎಂಬ ಸಣ್ಣ ಊರಿನಲ್ಲಿ ಅವನನ್ನು ತಾದಿಕ್ ಎಂದು ಕರೆಯುತ್ತಿದ್ದರು. ಬೇರೆಲ್ಲೂ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಈ ಸಲ ಅವನು ವೆರ್ಬಿನದ ಬಸ್ಸು ಹತ್ತಿದ್ದ.

ಬಸ್ಸಿನ ಹೀಟರ್ ಕೆಟ್ಟಿತ್ತು. ಎಲ್ಲರೂ ಡ್ರೈವರನಿಗೆ ಹಿಡಿಶಾಪ ಹಾಕುತ್ತಿದ್ದರೆ ತಾದಿಕ್ ಸುಮ್ಮನೆ ಕಿಟಕಿಯಾಚೆಯ ಬರ್ಚ್ ಮರಗಳನ್ನು ನೋಡುತ್ತ ಕೂತಿದ್ದ.

"ಅಲ್ಲಣ್ಣ, ನಿಂಗೆ ಚಳಿ ಆಗಲ್ವಾ?" ಎಂದಳು ಪಕ್ಕದ ಹೆಂಗಸು. "ಕೋಟಿನ ಗುಂಡಿ ಬಿಚ್ಕೊಂಡು ಕೂತಿದೀಯಲ್ಲ, ಮದುವೆ ಮನೇಲಿ ಕೂತಂಗೆ."

ಅವನು ಗುಂಡಿ ಹಾಕಿಕೊಂಡ. ಚಳಿಯಾಗಿದ್ದಕ್ಕಲ್ಲ, ಆಕೆ ಹೇಳಿದ್ದಕ್ಕೆ.

ಅವನು ಬಹಳ ವರ್ಷಗಳಿಂದ ಹೀಗೇ. ಸಾರಿಗೆ ಉಪ್ಪು ಜಾಸ್ತಿಯಾದರೆ ಗೊತ್ತಾಗುತ್ತಿತ್ತು, ಆದರೆ ಬೇಸರವಾಗುತ್ತಿರಲಿಲ್ಲ. ಯಾರಾದರೂ ಬೈದರೆ ಮಾತು ಕಿವಿಗೆ ಬೀಳುತ್ತಿತ್ತು, ಅಷ್ಟೆ. ಮನೆಯ ಮೇನ್ ಸ್ವಿಚ್ಚನ್ನು ಯಾರೋ ಆರಿಸಿ ಬೀಗ ಹಾಕಿಕೊಂಡು ಹೋದ ಹಾಗಿತ್ತು. ಸೈಬೀರಿಯದ ಉತ್ತರದಲ್ಲಿ ಗ್ಯಾಸ್ ಪೈಪು ಹಾಕುವ ಕೆಲಸ ಮಾಡಿಕೊಂಡಿದ್ದವನಿಗೆ ಈಗ ಆ ಕೆಲಸವೂ ಮುಗಿದಿತ್ತು, ಅಲ್ಲಿದ್ದ ಹಾಸ್ಟೆಲಿಗೂ ಬಾಗಿಲು ಹಾಕಿದ್ದರು. ಇದ್ದಬದ್ದದ್ದೆಲ್ಲ ಒಂದು ಚೀಲದಲ್ಲಿ ಹಿಡಿಸಿತ್ತು. ರಷ್ಯಾದ ಯಾವುದೋ ಮೂಲೆಯ ಕಟ್ಟಿಗೆ ಮಿಲ್ಲಿನಲ್ಲಿ ಕಾವಲಿನ ಕೆಲಸ ಇದೆ ಎಂದಿದ್ದರು. ಅದಕ್ಕೂ ಮೊದಲು ಅವನು ಮನಸ್ಸಿನಲ್ಲೇ ಒಂದು ಷರತ್ತು ಹಾಕಿಕೊಂಡಿದ್ದ. ವೆರ್ಬಿನದಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಸಾಕು, ಇಲ್ಲೇ ಇದ್ದುಬಿಡು ಅಂದರೆ ಇದ್ದುಬಿಡುವುದು. ಅನ್ನದಿದ್ದರೆ ರಾತ್ರಿಯ ಕೊನೆಯ ಬಸ್ಸು ಇದ್ದೇ ಇದೆ.

ಹಾಗೆ ಅನ್ನಬಹುದಾದವರು ಇಬ್ಬರೇ. ಒಬ್ಬ ಕಾಸ್ತುಸ್, ಒಂದೇ ಬೆಂಚಿನಲ್ಲಿ ಹತ್ತು ವರ್ಷ ಜೊತೆಗೆ ಕೂತವನು. ಇನ್ನೊಬ್ಬಳು ಯಾದ್ವಿಗಾ. ಅವಳಿಗೆ ಇವನು ಪ್ರತಿ ಚಳಿಗಾಲ ರಜೆಗೆ ಬಂದಾಗಲೂ, "ಇನ್ನೊಂದೇ ಒಂದು ಬೇಸಿಗೆ ದುಡ್ಕೊಂಡು ಬರ್ತೀನಿ, ಆಮೇಲೆ ಮದುವೆ" ಅನ್ನುತ್ತಿದ್ದ. ಆಮೇಲೆ ರಜೆಗೆ ಬರುವುದೇ ನಿಂತಿತು. ಜಗಳವೇನೂ ಆಗಿರಲಿಲ್ಲ. ಅಪ್ಪ ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಮನೆ ಮಾರಿಯಾಗಿತ್ತು. ಬಾರದಿದ್ದುದನ್ನು ಕೇಳುವವರು ಇರಲಿಲ್ಲ, ಅವನೂ ಹೇಳಲಿಲ್ಲ.

ಅವನು ಶಾಲೆ ತಲುಪುವ ಹೊತ್ತಿಗೆ ಸಭಾಂಗಣದಲ್ಲಿ ಮಕ್ಕಳ ಹಾಡು ಕುಣಿತ ಮುಗಿದು, ಒಂದೊಂದು ವರ್ಷದವರು ಒಂದೊಂದು ಕ್ಲಾಸಿಗೆ ಸೇರಿಕೊಂಡಿದ್ದರು. ಕಾರಿಡಾರಿನಲ್ಲಿ ಅದೇ ಹಸಿರು ಪೇಂಟು. ತಮ್ಮ ಕ್ಲಾಸಿನ ಬಾಗಿಲು ಅರ್ಧ ತೆರೆದಿತ್ತು. ಬೆಂಚುಗಳನ್ನು ಜೋಡಿಸಿ ಊಟ ಹರಡಿದ್ದರು. ಆಲೂಗಡ್ಡೆಯ ದೋಸೆ, ಉಪ್ಪಿನ ಹೆರಿಂಗ್ ಮೀನು, ಹಂದಿ ಕೊಬ್ಬು, ಉಪ್ಪುನೀರಿನ ಸೌತೆಕಾಯಿ. ಶಾಲೆಯೊಳಗೆ ಕುಡಿಯುವಂತಿಲ್ಲ ಎಂಬ ನಿಯಮಕ್ಕೆ ಮರ್ಯಾದೆ ಕೊಟ್ಟು ವೋಡ್ಕಾವನ್ನು ಟೀ ಕುಡಿಕೆಯಲ್ಲಿ ತುಂಬಿಸಿಕೊಂಡಿದ್ದರು. ಹೆಡ್‌ಮಿಸ್ ಆ ಕಡೆ ಹಾದಾಗಲೆಲ್ಲ ಔಷಧಿ ಅಂಗಡಿಯ ರೀಮಾ, ಬಿಸಿ ಟೀ ಎನ್ನುವ ಹಾಗೆ ಕಪ್ಪನ್ನು ಊದುತ್ತಿದ್ದಳು. ಹೆಡ್‌ಮಿಸ್ ಕೂಡ ಇದೇ ಶಾಲೆಯಲ್ಲಿ ಓದಿದವಳೇ, ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಒಳಗೆ ಹೆಜ್ಜೆ ಇಡುವ ಮೊದಲು ತಾದಿಕನ ಕಣ್ಣು ಕಿಟಕಿ ಪಕ್ಕದ ಮೂರನೆಯ ಬೆಂಚಿನ ಮೇಲೆ ಬಿತ್ತು. ಅದನ್ನು ಮಾತ್ರ ಯಾರೂ ಎಳೆದಿರಲಿಲ್ಲ. ಅದರ ಮೇಲೆ ತುಂಬಿದ ಒಂದು ಗ್ಲಾಸು, ಗ್ಲಾಸಿನ ಮೇಲೆ ಒಂದು ತುಂಡು ಕಪ್ಪು ರೊಟ್ಟಿ. ಇಂಥ ಗ್ಲಾಸು ಯಾಕಿಡುತ್ತಾರೆ ಎಂದು ಆ ಸೀಮೆಯ ಮಗುವಿಗೂ ಗೊತ್ತು. ಅದು ಸತ್ತವರ ಪಾಲು, ಬದುಕಿದ್ದವರು ಮುಟ್ಟುವಂತಿಲ್ಲ. ಆ ಬೆಂಚಿನಲ್ಲಿ ಕೂರುತ್ತಿದ್ದವರು ಇಬ್ಬರೇ, ತಾನು ಮತ್ತು ಕಾಸ್ತುಸ್.

ಕಾಸ್ತುಸ್ ಹೋಗಿಬಿಟ್ಟ ಎಂದುಕೊಂಡ ತಾದಿಕ್. ದುಃಖ ಬರುತ್ತದೇನೋ ಎಂದು ಬಾಗಿಲಲ್ಲೇ ನಿಂತು ಕಾದ. ಬರಲಿಲ್ಲ.

ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಒಂದು ಬೋಳುತಲೆ ಎದ್ದು ನಿಂತಿತು. ಕಾಸ್ತುಸನೇ. ಕೈಯಲ್ಲಿ ಕಪ್ಪು ಹಿಡಿದು ಗಂಟಲು ಸರಿಮಾಡಿಕೊಂಡು, "ನಮ್ಮ ತಾದಿಕನಿಗೆ," ಎಂದ. "ಮಲಗಿರೋ ನೆಲ ಅವನಿಗೆ ಹಗುರಾಗಿರ್ಲಿ." ಎಲ್ಲರೂ ಎದ್ದರು. ಸತ್ತವರಿಗೆ ಕುಡಿಯುವಾಗ ಮಾಡುವಂತೆ ಕಪ್ಪಿಗೆ ಕಪ್ಪು ತಾಗಿಸದೆ ಸದ್ದಿಲ್ಲದೆ ಕುಡಿದರು.

ಮೊದಲು ನೋಡಿದವಳು ರೀಮಾ. ಕೈಯಲ್ಲಿದ್ದ ಟೀ ಕುಡಿಕೆಯನ್ನು ಎದೆಗವಚಿಕೊಂಡಳು.

"ಯೇಸುವೇ! ಲೋ, ನೀನು ಸತ್ತಿದೀಯಲ್ಲೋ!"

"ಇಲ್ಲ," ಎಂದ ತಾದಿಕ್.

"ಇಲ್ವಂತೆ! ಇಪ್ಪತ್ತು ವರ್ಷ ನಮ್ ಕೈಲಿ ಅಳಿಸಿ, ಈಗ ಬಾಗಿಲಲ್ಲಿ ನಿಂತ್ಕೊಂಡು ಇಲ್ಲ ಅಂತಾನೆ ನೋಡ್ರೇ!"

ಯಾರೋ ಶಿಲುಬೆಯ ಗುರುತು ಹಾಕಿಕೊಂಡರು. ಯಾರೋ ಕುರ್ಚಿ ಬೀಳಿಸಿದರು. ಗಣಿತ ಕಲಿಸಿದ್ದ ವಾಂದಾ ಟೀಚರ್, ಎಂಬತ್ತು ದಾಟಿದವರು, ಕೋಲೂರಿಕೊಂಡು ಅವನ ಹತ್ತಿರ ಬಂದು ಹಿಂದಿನ ಹಾಗೇ ಕಿವಿ ಹಿಡಿದು ಹಿಂಡಿದರು. "ಬಿಸಿ ಇದೆ," ಎಂದು ಎಲ್ಲರಿಗೂ ತಿಳಿಸಿದರು. "ಬದುಕಿದಾನೆ. ಯಾವತ್ತೂ ಲೇಟು, ಇವತ್ತೂ ಲೇಟು."

ಆಮೇಲೆ ಅಪ್ಪುಗೆ, ಬೆನ್ನಿಗೆ ಗುದ್ದು, ಕೆನ್ನೆಗೆ ಮುತ್ತು. ಕಾಸ್ತುಸ್ ಅವನ ಭುಜದ ಮೇಲೆ ತಲೆಯಿಟ್ಟು ಗಳಗಳನೆ ಅತ್ತ. ತಾದಿಕ್ ಅವನ ಬೆನ್ನು ತಟ್ಟಿದ. ಯಾರದೋ ಕೋಟಿನ ಧೂಳು ಕೊಡವಿದ ಹಾಗಿತ್ತು ಅದು.

"ಪೀತ್ರಾಸ್ ಬಂದು ಹೇಳ್ದ ಕಣೋ," ಎಂದ ಕಾಸ್ತುಸ್ ಮೂಗೊರೆಸಿಕೊಳ್ಳುತ್ತ. "ಅವನೂ ಅಲ್ಲೇ ಕೆಲಸಕ್ಕಿದ್ನಲ್ಲ. ನಿಮ್ಮನ್ನ ಕರ್ಕೊಂಡು ಹೋಗ್ತಿದ್ದ ಬಸ್ಸು ಹೆಪ್ಪುಗಟ್ಟಿದ ಹೊಳೆ ದಾಟ್ತಿರುವಾಗ ಮಂಜುಗಡ್ಡೆ ಒಡ್ದು ಒಳಗೆ ಹೋಯ್ತು, ಗ್ಯಾಂಗ್ ಪೂರ್ತಿ ಹೋಯ್ತು, ಒಬ್ರೂ ಉಳೀಲಿಲ್ಲ ಅಂದ."

"ನಾನು ಬಸ್ಸಲ್ಲಿರ್ಲಿಲ್ಲ."

"ಮತ್ತೆ?"

"ಹಲ್ಲು ನೋವಿತ್ತು. ರೂಮಲ್ಲೇ ಮಲ್ಕೊಂಡಿದ್ದೆ."

ರೀಮಾ, "ಹಾಗಾದ್ರೆ ಇಷ್ಟು ವರ್ಷ ನಾವು ಚರ್ಚಲ್ಲಿ ಪೂಜೆ ಹೇಳಿಸಿದ್ದು ಒಂದು ಹುಳುಕು ಹಲ್ಲಿಗಾ!" ಎಂದಳು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ತಾದಿಕನೂ ತುಟಿ ಅಗಲಿಸಿದ. ಆ ದಿನ ಅವನು ಎದ್ದಾಗ ರೂಮಿನ ಮಿಕ್ಕ ಮಂಚಗಳೆಲ್ಲ ಖಾಲಿಯಿದ್ದವು, ಸಂಜೆಯಾದರೂ ಖಾಲಿಯಿದ್ದವು. ಹಲ್ಲು ನೋವು ಮಾತ್ರ ಹೋಗಿತ್ತು. ಮೇನ್ ಸ್ವಿಚ್ ಆರಿದ್ದು ಅವತ್ತೇ.

"ಒಂದು ಫೋನಾದ್ರೂ ಮಾಡಬಾರದಾ, ಪಾಪಿ?" ಎಂದ ಕಾಸ್ತುಸ್.

"ಹೇಳೋಕೆ ಏನೂ ಇರ್ಲಿಲ್ಲ."

"ಬಿಡು, ಬದುಕಿರುವಾಗ್ಲೇ ಸತ್ತೋರ ಪೂಜೆ ಹೇಳಿಸ್ಕೊಂಡೋರಿಗೆ ಆಯಸ್ಸು ಗಟ್ಟಿ," ಎಂದಳು ರೀಮಾ. "ಬರೆದಿಟ್ಕೋ, ನೂರು ವರ್ಷ ನಿಂಗೆ." ನೂರು ವರ್ಷ ಎಂದಾಗ ತಾದಿಕನಿಗೆ ಸುಸ್ತಾಯಿತು.

ಅವನಿಗೆ ತಟ್ಟೆ ಕೊಟ್ಟರು, ಕಪ್ಪು ಕೊಟ್ಟರು. ಅವನ ಬಗ್ಗೆ ಅವನಿಗೇ ಕಥೆ ಹೇಳಿದರು. ಸತ್ತ ತಾದಿಕ್ ಬಲು ದೊಡ್ಡ ಮನುಷ್ಯ, ಹಾಸ್ಯಗಾರ, ಯಾರಿಗೂ ಇಲ್ಲ ಎಂದವನಲ್ಲ. ಒಡೆಯುತ್ತಿದ್ದ ಮಂಜುಗಡ್ಡೆಯ ಮೇಲೆ ಹೊಟ್ಟೆಯಲ್ಲಿ ತೆವಳಿಕೊಂಡು ಹೋಗಿ ಯಾರದೋ ಕರು ಉಳಿಸಿದವನು.

"ಕರು ಉಳಿಸಿದ್ದು ನಾನಲ್ಲ. ಕಾಸ್ತುಸ್," ಎಂದ ತಾದಿಕ್.

ಎಲ್ಲರ ಮುಖವೂ ಸ್ವಲ್ಪ ಸಪ್ಪಗಾಯಿತು. ಕಾಸ್ತುಸ್ ನಾಚಿಕೊಂಡು, "ಇರ್ಲಿ ಬಿಡೋ, ಎಲ್ರೂ ಅಳ್ತಿದ್ರಲ್ಲ, ಒಂದು ಒಳ್ಳೇ ಮಾತು ಬೇಕಿತ್ತು, ನಾನೇ ಹಾಗೆ ಹೇಳ್ಬಿಟ್ಟೆ," ಎಂದ. ಸತ್ತ ತಾದಿಕನಷ್ಟು ಲಕ್ಷಣವಾಗಿ ಈ ಬದುಕಿರುವ ತಾದಿಕ್ ಇಲ್ಲ ಎಂದು ಅವರಿಗೆ ಆಗಲೇ ಅನಿಸಿರಬೇಕು. ಮಾತು ನಿಧಾನವಾಗಿ ಬೇರೆ ಕಡೆ ಹರಿಯಿತು, ಗೌಟ್ ಕಾಯಿಲೆ, ಅಳಿಯಂದಿರು, ಪೋಲೆಂಡಿಗೆ ಹೋದ ಮಕ್ಕಳು.

ಯಾದ್ವಿಗಾ ಮಾತ್ರ ಅಪ್ಪಿಕೊಳ್ಳಲು ಎದ್ದುಬಂದಿರಲಿಲ್ಲ. ಕಾಸ್ತುಸನ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಸಭಾಂಗಣದಲ್ಲಿ ಡಾನ್ಸಿನ ಹಾಡು ಶುರುವಾಯಿತು. ರೀಮಾ ಎಲ್ಲರನ್ನೂ ಎಬ್ಬಿಸಿಕೊಂಡು ಹೋದಳು. "ಹೆಣ ಕುಣಿಯುತ್ತೋ ಇಲ್ವೋ ನೋಡೋಣ, ಆಮೇಲೆ ಬಾರೋ," ಎಂದು ತಾದಿಕನ ತಲೆಗೆ ಮೊಟಕಿದಳು. ಎಲ್ಲರೂ ನಾಳೆ ನಮ್ಮನೆಗೆ ಊಟಕ್ಕೆ ಬಾ, ನಾಡಿದ್ದು ಬಾ ಎಂದರು. ಈ ರಾತ್ರಿ ಎಲ್ಲಿ ಮಲಗುತ್ತೀಯ ಎಂದು ಯಾರೂ ಕೇಳಲಿಲ್ಲ. ಕ್ಲಾಸಿನಲ್ಲಿ ಮೂವರು ಉಳಿದರು.

"ಹೇಳ್ಬೇಕು ನಿಂಗೆ," ಎಂದ ಕಾಸ್ತುಸ್. "ನಾವಿಬ್ರೂ... ನೀ ಹೋದ ಎರಡನೇ ವರ್ಷ ಮದುವೆ ಆದ್ವಿ."

"ನಾ ಹೋಗಿರ್ಲಿಲ್ಲ."

"ಗೊತ್ತಾಯ್ತು ಈಗ. ನಮ್ ಪಾಲಿಗೆ ಹೋಗಿದ್ದೆ."

ತಾದಿಕ್ ಒಳಗೆಲ್ಲ ತಡಕಾಡಿ ನೋಡಿದ. ಹೊಟ್ಟೆಕಿಚ್ಚಿಲ್ಲ, ಸಿಟ್ಟಿಲ್ಲ. "ಒಳ್ಳೇದಾಯ್ತು," ಎಂದ.

ಕಾಸ್ತುಸನಿಗೆ ಮನಸ್ಸು ಎಷ್ಟು ಹಗುರವಾಯಿತೆಂದರೆ ಮತ್ತೆ ಕಣ್ಣು ತುಂಬಿಬಂತು. ತಾದಿಕನ ಚೀಲವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ. "ನಡಿ ಮನೆಗೆ. ಅಟ್ಟದ ರೂಮು ಖಾಲಿ ಬಿದ್ದಿದೆ. ಎಲ್ಲಿಗೂ ಹೋಗ್ಬೇಡ ಮಾರಾಯ, ಇಲ್ಲೇ ಇದ್ದುಬಿಡು."

ಬೇಕಾಗಿದ್ದ ಮಾತು ಬಂದುಬಿಟ್ಟಿತ್ತು. ತಾದಿಕ್ ತಲೆಯಾಡಿಸಲು ಹೊರಟ.

"ಬೇಡ," ಎಂದಳು ಯಾದ್ವಿಗಾ.

"ಯಾದ್ಯಾ! ಏನೇ ಇದು, ಅವನು..."

"ನೀ ಸುಮ್ನಿರು." ಅವಳು ಮೊದಲ ಬಾರಿ ತಾದಿಕನ ಮುಖ ನೋಡಿದಳು. ದನಿ ಏರಿಸಲಿಲ್ಲ. "ಪೀತ್ರಾಸ್ ಹೇಳಿದ ಮೇಲೆ ನಾನು ಹೊಳೆ ಕಡೆ ಹೋಗ್ತಿರ್ಲಿಲ್ಲ. ಕಣ್ಣು ಮುಚ್ಚಿದ್ರೆ ನೀನು ನೀರೊಳಗೆ ಕಣ್ಣು ಬಿಟ್ಕೊಂಡು ನಿಂತಿರ್ತಿದ್ದೆ. ಮೀನು ತಿನ್ನಕ್ಕಾಗ್ತಿರ್ಲಿಲ್ಲ. ಸ್ನಾನದ ನೀರು ಕಂಡ್ರೆ ಕಿರುಚ್ತಿದ್ದೆ. ಇವನೇ ನನ್ನ ಹಿಡ್ಕೊಂಡು ಕೂತಿರ್ತಿದ್ದ, ಬೆಳಗಾಗೋವರ್ಗೂ. ನೀನು ಆಗೇನ್ಮಾಡ್ತಿದ್ದೆ?"

"ಕೆಲಸಕ್ಕೆ ಹೋಗ್ತಿದ್ದೆ."

"ಆ ಬಸ್ಸಲ್ಲಿ ಹೋದೋರಿಗೆ ಅತ್ಯಾ?"

"ಇಲ್ಲ."

"ಒಂದಿನಾನೂ?"

"ಅಳು ಬರ್ಲಿಲ್ಲ."

"ಮತ್ತೆ ನಿನ್ನ ಪಾಲಿಂದೂ ನಾನೇ ಅಳಬೇಕಾ?" ಅವಳು ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದಳು. "ನಿನಗೋಸ್ಕರ ಒಂದು ಸಲ ಅತ್ತು ಮುಗಿಸಿದೀನಿ ತಾದಿಕ್. ನೀನು ನಮ್ಮ ಅಟ್ಟದಲ್ಲಿ ಕೂತ್ಕೊಂಡು, ಹಿಂಗೇ ಮರದ ಕೊರಡಿನ ಹಾಗೆ ನಮ್ಮಿಬ್ರನ್ನ ನೋಡ್ಕೊಂಡು, ಕೆಮ್ಮಿ ಕೆಮ್ಮಿ ಒಂದಿನ ಸತ್ರೆ, ಮತ್ತೆ ಮೊದಲಿಂದ ಶುರು ಮಾಡ್ಬೇಕು. ನನ್ ಹತ್ರ ಅಷ್ಟು ಉಳಿದಿಲ್ಲ. ಬದುಕಿರು, ಸಂತೋಷ. ನಮ್ಮನೇಲಿ ಬೇಡ."

ಕಾಸ್ತುಸ್ ಹೆಂಡತಿಯನ್ನು ನೋಡಿದ, ಗೆಳೆಯನನ್ನು ನೋಡಿದ. ಆಮೇಲೆ ಹೆಗಲಿನ ಚೀಲವನ್ನು ಇಳಿಸಿ, ಗಾಜಿನ ಸಾಮಾನಿದ್ದರೆ ಒಡೆದೀತು ಎನ್ನುವಷ್ಟು ನಿಧಾನವಾಗಿ ನೆಲಕ್ಕಿಟ್ಟ.

ತಾದಿಕ್ ಚೀಲ ಎತ್ತಿಕೊಂಡು ಹೊರಗೆ ಬಂದ. ಸಭಾಂಗಣದ ಹಾಡು ಬೀದಿಯ ತನಕ ಕೇಳುತ್ತಿತ್ತು. ಬಸ್ ಸ್ಟಾಪಿನ ಅರ್ಧ ದಾರಿಯಲ್ಲಿ ಎದೆಯ ಎಡಗಡೆ ಏನೋ ಹಿಡಿದುಕೊಂಡಿತು. ಹೃದಯವೇ ಇರಬೇಕು, ಇಲ್ಲೇ ಬಿದ್ದರೆ ಈ ಸಲ ನಿಜವಾಗಿಯೂ ಸಾಯುತ್ತೇನೆ ಎಂದುಕೊಂಡು ಒಂದು ಬೇಲಿ ಹಿಡಿದು ನಿಂತ. ಅದು ಹೃದಯದ ಕಾಯಿಲೆಯಾಗಿರಲಿಲ್ಲ. ಅವನಿಗೆ ನೋವಾಗಿತ್ತು. ಬೇಡ ಎಂದಳಲ್ಲ ಎಂದು, ಸಣ್ಣ ಮಕ್ಕಳಿಗೆ ಆಗುವ ಹಾಗೆ, ಬರೀ ನೋವು. ಎಷ್ಟೋ ವರ್ಷಗಳ ಮೇಲೆ ಬಂದದ್ದಾದ್ದರಿಂದ ಗುರುತು ಹತ್ತಲು ಹೊತ್ತು ಹಿಡಿಯಿತು.

ಸ್ಟಾಪಿನ ಬೆಂಚಿನಲ್ಲಿ ಕೂತ ಮೇಲೆ ಆ ನೋವಿನ ಹಿಂದೆಯೇ, ಅವತ್ತು ಬಸ್ಸಿನಲ್ಲಿ ಹೋದವರೂ ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಗೊರಕೆ ಹೊಡೆಯುತ್ತಿದ್ದ ಸಾವೆಲಿ. ಮಗಳಿಗೆಂದು ಕಟ್ಟಿಗೆಯ ಕುದುರೆ ಕೆತ್ತುತ್ತಿದ್ದ ತಾತಾರ ಜನಾಂಗದ ರಿನಾತ್. ಹೊರಡುವ ಮೊದಲು ಇವನ ದವಡೆಗೆ ಬಿಸಿ ಉಪ್ಪಿನ ಗಂಟು ಕಟ್ಟಿಕೊಟ್ಟು, "ಮಲ್ಕೋ, ನಿನ್ನ ಕೆಲಸಾನೂ ನಾವೇ ಮಾಡ್ತೀವಿ," ಎಂದ ಮುದುಕ ನಿಕಾನರ್. ತಾದಿಕ್ ಕೈಗವಸು ಕಚ್ಚಿಕೊಂಡು ಅಳತೊಡಗಿದ. ಚೆನ್ನಾಗಿ ಅಳಲೂ ಅವನಿಗೆ ಬರುತ್ತಿರಲಿಲ್ಲ, ಬಿಕ್ಕಳಿಕೆಯಂತೆ, ಕೆಮ್ಮಿನಂತೆ, ಏನೇನೋ ಸದ್ದು ಬಂತು.

ಬಸ್ಸು ಬಂದು ಬಾಗಿಲು ತೆರೆದುಕೊಂಡಿತು. ಎಳೆಯ ವಯಸ್ಸಿನ ಡ್ರೈವರ್ ಸ್ವಲ್ಪ ಹೊತ್ತು ಕಾದು, "ಹತ್ತೋದಾದ್ರೆ ಹತ್ತಿ ಅಣ್ಣ," ಎಂದ. ಮುಖ ನೋಡಿ ದನಿ ತಗ್ಗಿಸಿದ. "ಯಾರಾದ್ರೂ ತೀರ್ಕೊಂಡ್ರಾ?"

"ಹೂಂ. ನನ್ ಜೊತೆ ಕೆಲಸ ಮಾಡ್ತಿದ್ದೋರು."

ಡ್ರೈವರ್ ತಲೆಯ ಟೋಪಿ ತೆಗೆದ. "ಯಾವತ್ತು?"

ತಾದಿಕ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇಪ್ಪತ್ತು ವರ್ಷವಾಯಿತು ಎಂದು ಹೇಳಲು ಹೋದ. ಆಗಲಿಲ್ಲ. ಕಂಬಿ ಹಿಡಿದುಕೊಂಡು ಮತ್ತೆ ಅತ್ತ, ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ.