ಮಧ್ಯಾಹ್ನದ ನಿದ್ದೆ

"ಕೈ ಚಾಚಿ" ಎಂದು ವನಜ ಬಾಗಿಲಲ್ಲಿ ನಿಂತವರ ಅಂಗೈಗೆ ಸ್ಯಾನಿಟೈಸರ್ ಹಾಕುತ್ತಿದ್ದಳು. ಕೇರಿಯ ಹಿರಿಯ ರಾಜೇಂದ್ರ ಮರುಮಾತಿಲ್ಲದೆ ಕೈ ತಿಕ್ಕಿಕೊಂಡು ಒಳಗೆ ಹೋದರು. ಅವರ ಹಿಂದೆ ಬಂದ ಮೈದುನ ಕುಷ್ಟ ಮಾತ್ರ ಕೈ ಚಾಚಲಿಲ್ಲ.

"ಅತ್ಗೆ, ಅಣ್ಣ ಹೋಯಾಯ್ತ್. ಇನ್ ಯಾರಿಗ್ ಹೆದ್ರೂದ್?"

ವನಜ ಬಾಟಲಿಯ ಕಡೆ ನೋಡಿದಳು. ಚಾವಡಿಯಲ್ಲಿ ಅವಳ ಗಂಡ ಲೀಲಾಧರ ಬಾಳೆಲೆಯ ಮೇಲೆ ಮಲಗಿದ್ದ. ಮೂಗಿಗೆ ಹತ್ತಿ ಇಟ್ಟಿದ್ದರು. ತಲೆಯ ಹತ್ತಿರ ಅವನ ತಾಯಿ ಸೀತು ಕಾಲು ಚಾಚಿ ಕೂತಿದ್ದಳು. ಬೈಂದೂರಿನಿಂದ ಬಂದಿದ್ದ ಅವನ ಅಕ್ಕ ಪ್ರಫುಲ್ಲಾ ಸುತ್ತಲಿನ ಹೆಂಗಸರಿಗೆ ಕೇಳುವ ಹಾಗೇ ಹೇಳಿದಳು.

"ಬದ್ಕಿಪ್ಪತಿಗೆ ನಮ್ಗ್ ಬಾಗ್ಲ್ ತೆಗಿಲಿಲ್ಲ. ಈಗ್ಳ್ ಕೈ ತೊಳ್ಸಿ ಒಳ್ಗ್ ಕರಿತ್ಲ್ ಕಾಣಿ."

ವನಜ ಬಾಟಲಿಗೆ ಮುಚ್ಚಳ ತಿರುಗಿಸಿ ಕಿಟಕಿಯ ಮೇಲಿಟ್ಟಳು. ಬಾಯಿ ತೆರೆದರೆ ಮಾತು ಎಲ್ಲಿಗೆ ಹೋಗಿ ಮುಟ್ಟುವುದೋ ಎಂಬ ಹೆದರಿಕೆ ಅವಳಿಗೆ. ಆಸ್ಪತ್ರೆಯ ಡಾಕ್ಟರು ಕೊನೆಯ ವಾರ ಕೇಳಿದ ಪ್ರಶ್ನೆ ಕಿವಿಯಲ್ಲಿ ಕೂತುಬಿಟ್ಟಿತ್ತು. ಇವರು ಎಲ್ಲಾದರೂ ಬೂಷ್ಟು ಹಿಡಿದ ಜಾಗದಲ್ಲಿ ಕೂತಿದ್ದರಾ? ಮುಗ್ಗಿದ ಹುಲ್ಲು, ಹಳೇ ಗೋಣಿ, ಅಂಥದ್ದರ ಧೂಳು ಒಳಗೆ ಹೋಗಿದೆ. ಇಲ್ಲ ಸರ್, ಹೊಸ್ತಿಲೇ ದಾಟುವುದಿಲ್ಲ ಎಂದಿದ್ದಳು ಅವಳು. ಹಾಗೆ ಹೇಳುವಾಗಲೇ ಒಂದು ಸಂಗತಿ ನೆನಪಾಗಿ ನಾಲಿಗೆ ತೊದಲಿತ್ತು. ಅವನನ್ನು ಆಸ್ಪತ್ರೆಗೆ ಸೇರಿಸುವ ಮೊದಲು ಅಂಗಿ ಒಗೆಯುವಾಗ ಕಿಸೆಯಲ್ಲಿ ನೀಲಿ ನೈಲಾನ್ ನೂಲಿನ ತುಂಡೊಂದು ಸಿಕ್ಕಿತ್ತು.

ಬಲೆಯ ನೂಲು. ಹಿತ್ತಲಲ್ಲಿ ಹಳೇ ಬಲೆಗಳನ್ನು ಒಟ್ಟಿಡುವ ಬಲೆ ಕೊಟ್ಟಿಗೆಯ ಬೀಗದ ಕೈ ಇರುವುದು ಕುಷ್ಟನ ಸೊಂಟದಲ್ಲಿ.

ರಾಜೇಂದ್ರ ಹತ್ತಿರ ಬಂದು ದನಿ ತಗ್ಗಿಸಿದರು. "ತಂಗಿ, ಹೊತ್ತ್ ಮೀರ್ತ್. ಗಂಡ್ ಮಕ್ಕಳಿಲ್ಲ ನಿಂಗೆ. ಬೆಂಕಿ ಹಿಡೂದ್ ಕುಷ್ಟನೇ ಅಲ್ದಾ?"

"ಚೂರ್ ನಿಲ್ಲಿ ರಾಜೇಂದ್ರಣ್ಣ."

"ಎಂತಕೆ?"

ಕೊಂದ ಕೈಯಲ್ಲೇ ಕೊಳ್ಳಿ ಕೊಡುವುದು ಹೇಗೆ ಎಂದು ಕೇರಿಯ ಮುಂದೆ ಕೇಳಲಿಕ್ಕಾಗುತ್ತದೆಯೇ?

*

ಚೆನ್ನೈಯಲ್ಲಿ ಶ್ವಾಸಕೋಶ ಬದಲಾಯಿಸಿಕೊಂಡು ಬಂದ ದಿನ ಲೀಲಾಧರ ಅಂಗಳದಲ್ಲಿ ನಿಂತು ಬೇಕೆಂದೇ ದೊಡ್ಡದಾಗಿ ಉಸಿರೆಳೆದಿದ್ದ. ಶ್ವಾಸಕೋಶ ಗಟ್ಟಿಯಾಗಿ, ಆಕ್ಸಿಜನ್ ಸಿಲಿಂಡರು ಕಟ್ಟಿಕೊಂಡು ಹೋದವನು ಆತ. "ಯಾರ್ದೋ ಮನಿ ಮಾಣಿದ್ ಉಸ್ರ್ ಕಾಣ್ ಇದ್" ಎಂದಿದ್ದ, "ಬಾಡ್ಗಿ ಮನಿಲಿ ಇದ್ದಂಗೆ ಇರ್ಕ್, ಗಲಾಟಿ ಮಾಡದೆ."

ಅವನಿಗೆ ಸೋಂಕು ತಗಲದಂತೆ ಕಾಯಲು ಮನೆಯವರೆಲ್ಲ ಹೆಗಲು ಕೊಟ್ಟಿದ್ದರು, ಅದನ್ನು ವನಜ ಅಲ್ಲಗಳೆಯುವವಳಲ್ಲ. ಕುಷ್ಟ ಕೋಣೆಗೆ ಹೊಸದಾಗಿ ಸುಣ್ಣ ಹೊಡೆಸಿದ. ಅಂಗಳದಲ್ಲಿ ಮೀನು ಒಣಗಿಸುವುದನ್ನು ಅತ್ತೆ ನಿಲ್ಲಿಸಿದಳು. ಹೂವಿನ ಚಟ್ಟಿಗಳು ಪಕ್ಕದ ಮನೆಗೆ ಹೋದವು, ನಾಯಿ ಗುಲ್ವಾಡಿಯ ನೆಂಟರಲ್ಲಿಗೆ ಹೋಯಿತು. ಹತ್ತನೇ ಕ್ಲಾಸಿನ ಮಗಳು ದೀಕ್ಷಾ ಶಾಲೆಯಿಂದ ಬಂದವಳು ಮಿಂದು ಬಟ್ಟೆ ಬದಲಿಸದೆ ಅಪ್ಪನ ಮುಖ ನೋಡುತ್ತಿರಲಿಲ್ಲ. ನೋಡಲು ಬಂದವರನ್ನು ವನಜ ಕಿಟಕಿಯಾಚೆ ನಿಲ್ಲಿಸಿ ಮಾತಾಡಿಸಿದಳು. ಸೊಕ್ಕಿನವಳು ಎನಿಸಿಕೊಂಡಳು. ಬೆಳಗಿನ ಮಾತ್ರೆ, ಕುದಿಸಿ ಆರಿಸಿದ ನೀರು, ದಿನಕ್ಕೊಮ್ಮೆ ಹಾಸಿಗೆ ಬಟ್ಟೆ, ನೆಲ ಒರೆಸುವುದು. ಊಟವಾದ ಮೇಲೆ ಗೋಡೆಗೆ ಒರಗಿದರೆ ಅವಳಿಗೆ ಕಲ್ಲಿನಂಥ ನಿದ್ದೆ.

ಮಳೆಗಾಲದಲ್ಲಿ ದೋಣಿಗಳು ದಡದ ಮೇಲೆ ಬಂದು ಗಂಡಸರೆಲ್ಲ ಬಲೆ ಹೊಲಿಯಲು ಕೂತಾಗ ಲೀಲಾಧರ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಆ ಕಡಲ ದಂಡೆಯಲ್ಲಿ ಬಲೆಗೆ ಅವನಷ್ಟು ಬಿಗಿಯಾಗಿ ಗಂಟು ಹಾಕುವವರಿರಲಿಲ್ಲ.

"ಒಂದ್ ಗಳಿಗಿ ಕೂಕಂಡ್ ಬತ್ತೆ, ವನಜಾ. ಮಾಸ್ಕ್ ಹಾಕಂತೆ."

"ಮುಗ್ಗಿದ್ ಬಲಿ ರಾಶಿ ಮಧ್ಯ ಕೂಕಂಬುಕಾ? ಬ್ಯಾಡ."

ಅಲ್ಲೇ ನಿಂತಿದ್ದ ಕುಷ್ಟ ನಗುತ್ತ ಅಂದಿದ್ದ. "ಒಂದ್ ದಿನ ಕರ್ಕಂಡ್ ಹೋರೆ ಎಂತ ಆತ್ತ್ ಅತ್ಗೆ? ಅವ ಎಂತ ಗಾಜಿನ್ ಬಾಟ್ಲಿಯಾ?"

*

ಆ ನಗು ಈಗ ವನಜಳಿಗೆ ನೆನಪಾಯಿತು. ಅವಳು ಕುಷ್ಟನನ್ನು ಬಾವಿಕಟ್ಟೆಯ ಹಿಂದಕ್ಕೆ ಕರೆದಳು.

"ಬಲಿ ಕೊಟ್ಗಿಗ್ ಅವ್ರನ್ ಕರ್ಕಂಡ್ ಹೋದ್ದ್ ನೀನಾ?"

ಕುಷ್ಟನ ಮುಖ ಕಪ್ಪಿಟ್ಟಿತು. ಆದರೆ ಆಶ್ಚರ್ಯ ಕಾಣಲಿಲ್ಲ. ಅದನ್ನು ವನಜ ಗಮನಿಸಿದಳು.

"ನಾನಲ್ಲ ಅತ್ಗೆ. ದೇವ್ರಾಣಿ."

"ಹಾಂಗಾರ್ ಗೊತ್ತಿತ್ತ್ ನಿಂಗೆ."

"ಕೋಟದ್ ಬದಿಗ್ ಕೆಲ್ಸಕ್ ಹೋಯಿ ಸಂಜಿಗ್ ಬಪ್ಪತಿಗೆ ಹರ್ದ್ ಬಲಿ ಹೊಲ್ದ್ ಬಿದ್ದಿರ್ತಿತ್. ಅಣ್ಣನ್ ಕೈ ಗಂಟ್ ನಂಗ್ ಗೊತ್ತಾತಿಲ್ಯಾ?" ಅವನು ಮೂಗು ಒರೆಸಿಕೊಂಡ. "ನೀವೇ ಬಿಟ್ರಿ ಅಂದ್ಕಂಡೆ. ಕೇಂಡ್ರೆ ಎಲ್ಲಿ ನಿಲ್ಸ್ತ್ರಿಯೋ ಅಂದೇಳಿ ಸುಮ್ನಾದೆ. ಅವ ಖುಷಿಲಿದ್ದ ಅತ್ಗೆ."

"ಸುಳ್ಳ್ ಹೇಳ್ಬೇಡ. ಕೀ ನಿನ್ನ್ ಸೊಂಟದಗ್ ಇತ್ತ್."

"ಇದ್ ಒಂದ್."

"ಇನ್ನೊಂದ್ ಯಾರತ್ರ ಇತ್ತ್?"

ಕುಷ್ಟನ ಕಣ್ಣು ಚಾವಡಿಯ ಕಡೆ ಹೋಯಿತು. ಅಷ್ಟರಲ್ಲೇ ಒಳಗಿನಿಂದ ಸೀತುವಿನ ಅಳು ಎದ್ದಿತು. ಬೆಳಗಿನಿಂದ ಅಳದೆ ಕೂತಿದ್ದ ಮುದುಕಿ ಈಗ ಮಗನ ಕೆನ್ನೆ ಹಿಡಿದು, ಕೇರಿಯ ಹೆಂಗಸರು ಸತ್ತವರನ್ನು ಕರೆದು ಹಾಡಿ ಅಳುವ ಹಾಗೆ, ರಾಗವೆಳೆಯಲು ಶುರುಮಾಡಿದ್ದಳು. ಹಾಗೆ ಅಳುವವರ ಬಾಯಿಗೆ ತಡೆಯಿರುವುದಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತದೆ.

"ಏಳ್ ಮಗಾ... ಮಧ್ಯಾಹ್ನ ಆಯ್ತ್ ಮಗಾ... ವನಜ ಮಲ್ಕಂಡ್ಲ್ ಮಗಾ... ಎಬ್ಸೂದ್ ಬ್ಯಾಡ ಅಬ್ಬೆ, ಸುಸ್ತಾಯಿತ್ ಅದಕ್ ಅಂದ್ಯಲ ಮಗಾ... ಹಿಂದಿನ್ ಬಾಗ್ಲಂಗೆ ಮೆಲ್ಲ ಬಾ ಅಂದ್ಯಲ ಮಗಾ... ಬಲಿ ಸೂಜಿಗ್ ನೂಲ್ ಸುತ್ತಿಟ್ಟಿದ್ದೆ ನಾನ್... ಏಳ್ ಮಗಾ, ಹೋಪ..."

"ಅಬ್ಬೆಗ್ ತಲಿ ಸಮ ಇಲ್ಲ ಈಗ್ಳ್, ಎಂತೆಂತದೋ ಹೇಳತ್ತ್" ಎಂದು ಪ್ರಫುಲ್ಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದ ಹೆಂಗಸರೂ ತಲೆಯಾಡಿಸಿದರು.

ವನಜ ಚಾವಡಿಗೆ ಬಂದು ಅತ್ತೆಯ ಎದುರು ನಿಂತಳು. ಸೀತು ತಲೆಯೆತ್ತಿದಳು. ಸೊಸೆಯ ಮುಖ ಕಂಡದ್ದೇ ರಾಗ ಅರ್ಧಕ್ಕೆ ಕಡಿದುಹೋಯಿತು. ಮುದುಕಿಯ ಕೈ ಮಗನ ಕೆನ್ನೆಯಿಂದ ಜಾರಿ ಮಡಿಲಿಗೆ ಬಿದ್ದು ಮುಷ್ಟಿಯಾಯಿತು. ಬಾಗಿಲಲ್ಲಿ ನಿಂತ ಕುಷ್ಟ ಬೇಡ ಎನ್ನುವಂತೆ ನೋಡುತ್ತಿದ್ದ. ವನಜಳ ಒಂದೇ ಒಂದು ಮಾತು ಸಾಕಿತ್ತು. ಬೈಂದೂರಿನವರೆಗೂ ಹೋಗುತ್ತಿತ್ತು ಅದು. ಸೊಕ್ಕಿನವಳೆಂಬ ಹೆಸರು ತೊಳೆದುಹೋಗುತ್ತಿತ್ತು, ಮುದುಕಿ ಬದುಕಿರುವಷ್ಟು ದಿನ ಮಗನನ್ನು ತಿಂದವಳಾಗುತ್ತಿದ್ದಳು.

ವನಜ ಅತ್ತೆಯ ಪಕ್ಕದಲ್ಲಿ ಕೂತಳು.

"ಎಂತಕ್ ನಿಲ್ಸಿರಿ ಅತ್ತೆ?" ದನಿ ಅವಳಿಗೇ ಗುರುತು ಸಿಗದಷ್ಟು ತಗ್ಗಿತ್ತು. "ಹೇಳಿ. ಮತ್ತೆಂತ ಅಂದಿರ್ ಅವ್ರ್?"

ಸೀತು ಸೊಸೆಯನ್ನೇ ದಿಟ್ಟಿಸಿದಳು. ಸೊಸೆ ಸುಮ್ಮನೆ ಕೇಳುತ್ತಿರುವುದೋ ಬಲೆ ಬೀಸುತ್ತಿರುವುದೋ ಮುದುಕಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ವನಜಳಿಗೂ ತಿಳಿದಿರಲಿಲ್ಲ.

"ತಂಗಿ" ಎಂದರು ರಾಜೇಂದ್ರ.

"ಕುಷ್ಟನೇ ಬೆಂಕಿ ಹಿಡಿಲಿ" ಎಂದಳು ವನಜ, ಅತ್ತೆಯ ಮುಖದಿಂದ ಕಣ್ಣು ಕೀಳದೆ.

*

ಗಂಡಸರು ಚಟ್ಟ ಹೊತ್ತು ಕಡಲ ದಂಡೆಯ ಕಡೆ ಹೋದರು. ದೀಕ್ಷಾ ಗೇಟಿನವರೆಗೆ ಓಡಿ ಅಲ್ಲೇ ನಿಂತಳು. ಪ್ರಫುಲ್ಲಾ ಅವಳನ್ನು ತಬ್ಬಿ ಒಳಗೆ ಕರೆತಂದಳು. ಹೆಂಗಸರು ಬಾಳೆಲೆ ಮಡಚಿ, ಚಾವಡಿಗೆ ನೀರು ಹೊಯ್ದು ತೊಳೆಯತೊಡಗಿದರು. ಆ ಗದ್ದಲದಲ್ಲಿ ಅತ್ತೆ ಕೂತಿದ್ದ ಜಾಗ ಬರಿದಾಗಿದ್ದುದು ವನಜಳಿಗೆ ಕಂಡಿತು.

ಅವಳು ಅಡುಗೆಮನೆ ದಾಟಿ ಹಿಂದಿನ ಬಾಗಿಲಿಗೆ ಬಂದಳು. ಕೋಣೆ, ಬಚ್ಚಲು, ಬಟ್ಟೆ ಹಗ್ಗ ಬಿಟ್ಟು ಆ ಬದಿಗೆ ಅವಳು ಕಾಲಿಡದೆ ಒಂದು ಮಳೆಗಾಲವೇ ಕಳೆದಿತ್ತು. ಮಳೆಗಾಲದ ಕೊನೆಯ ಸೋಣೆ ತಿಂಗಳ ಹುಲ್ಲು ಮೊಣಕಾಲೆತ್ತರ ಬೆಳೆದು ಹಿತ್ತಲನ್ನೆಲ್ಲ ಮುಚ್ಚಿತ್ತು. ಅದರ ನಡುವೆ ಬಾಗಿಲಿನಿಂದ ಬಲೆ ಕೊಟ್ಟಿಗೆಯವರೆಗೆ ಒಂದು ದಾರಿ ಸವೆದಿತ್ತು. ಒಬ್ಬರ ಹೆಜ್ಜೆಯಷ್ಟೇ ಅಗಲದ್ದಲ್ಲ. ಇಬ್ಬರು ಒತ್ತೊತ್ತಿಗೆ ನಡೆದು ಮಾಡಿದ ದಾರಿ, ನೆಲ ಕಾಣುವಷ್ಟು ಬೋಳು.

ಸೀತು ಆ ದಾರಿಯಲ್ಲಿ ಕೊಟ್ಟಿಗೆಯ ಕಡೆಗೆ ಹೋಗುತ್ತಿದ್ದಳು. ನಡುವೆ ಅಷ್ಟು ಜಾಗವಿದ್ದರೂ ಮುದುಕಿ ಎಡದ ಅಂಚಿಗೇ ಒತ್ತಿ, ಹುಲ್ಲಿಗೆ ಸೀರೆ ಸವರಿಸಿಕೊಳ್ಳುತ್ತ, ಬಲಕ್ಕೆ ಒಬ್ಬ ಆಳಿನಷ್ಟು ಜಾಗ ಬಿಟ್ಟು ನಡೆಯುತ್ತಿದ್ದಳು.