ಒಂದು ಹಿಡಿ ಗಾರೆ

ನನ್ನ ಗಂಡ ನೆಬ್ರೆ ಅರೆಬರೆ ಕೆಲಸ ಮಾಡುವವನಲ್ಲ. ಆ ಒಳ್ಳೆಯ ಗುಣವೇ ನಮ್ಮ ಮನೆ ಹಾಳುಮಾಡಿತು.

ದೊರೆಗಳ ಗೋರಿ ಕೆತ್ತುವವರ ಊರು ನಮ್ಮದು. ಹಿಂದಿನ ದೊರೆಗೆ ಇದ್ದಕ್ಕಿದ್ದಂತೆ ಸೂರ್ಯಬಿಂಬವೊಂದೇ ದೇವರಾಯಿತು. ಅಮುನ್ ದೇವರ ಹೆಸರು ಎಲ್ಲೂ ಇರಕೂಡದು, ಸತ್ತವರ ಕಲ್ಲಿನ ಮೇಲೂ ಇರಕೂಡದು ಎಂದು ಅಪ್ಪಣೆ ಹೊರಡಿಸಿದ. ಅಯ್ಯೋ, ನಮ್ಮೂರಲ್ಲಿ ಅರ್ಧ ಜನರ ಹೆಸರಿನೊಳಗೆ ಅಮುನ್ ಇದ್ದಾನೆ! ಜ್ವರ ಬಂದು ತೀರಿಹೋದ ನನ್ನ ಮಗಳು ತೆಂತಮುನ್, ಅಂದರೆ ಅಮುನ್‌ನವಳು. ಕಲ್ಲಿನ ಮೇಲೆ ಹೆಸರಿದ್ದರೆ ತಾನೆ ಆಚೆ ಲೋಕದಲ್ಲಿ ಅವಳಿಗೆ ರೊಟ್ಟಿ, ನೀರು? ಹೆಸರು ಹೋದರೆ ಮಗು ಇನ್ನೊಂದು ಸಲ ಸತ್ತಂತೆ.

ಪಕ್ಕದ ಮನೆಯ ಕೆನ್ನ ಮಹಾ ಸೋಮಾರಿ. ತನ್ನ ತಾಯಿಯ ಕಲ್ಲಿನ ಮೇಲಿದ್ದ ಹೆಸರಿಗೆ ಒಂದು ಹಿಡಿ ಗಾರೆ ಮೆತ್ತಿ ಮನೆಗೆ ಹೋಗಿ ಮಲಗಿದ.

"ನೀನೂ ಹಂಗೇ ಮಾಡು ನೆಬ್ರಣ್ಣ. ಸುಮ್ನೆ ಉಳಿ ಯಾಕೆ ಸವೆಸ್ತೀಯ?" ಎಂದಿದ್ದ ಕೆನ್ನ.

"ತಪಾಸಣೆಯವ್ರು ಉಗುರಲ್ಲಿ ಕೆರೆದು ನೋಡಿದ್ರೆ? ಮಾಡಿದ್ಮೇಲೆ ಸರಿಯಾಗಿ ಮಾಡ್ಬೇಕು," ಎಂದ ನೆಬ್ರೆ.

ನಾನು ಕಾಲು ಹಿಡಿದೆ. ಕೇಳಲಿಲ್ಲ. ಮಗಳ ಕಲ್ಲಿನಿಂದ ದೇವರ ಹೆಸರನ್ನು ಎರಡು ಬೆರಳು ಆಳಕ್ಕೆ ಕೊರೆದು ತೆಗೆದ. ಅಂಚು ಕೂಡ ನೆಟ್ಟಗೆ ಬಂತು. ತಪಾಸಣೆಗೆ ನರಪಿಳ್ಳೆಯೂ ಬರಲಿಲ್ಲ.

ಆ ದೊರೆ ಸತ್ತ. ಹೊಸಬರು ಅಮುನ್‌ನನ್ನು ಮರಳಿ ಕೂರಿಸಿದರು. ಕೆನ್ನ ಒದ್ದೆ ಬಟ್ಟೆಯಲ್ಲಿ ಗಾರೆ ಒರೆಸಿದ. ಅವನ ತಾಯಿಯ ಹೆಸರು ಇದ್ದಂತೆಯೇ ಎದ್ದುಬಂತು. ನೋಡಿ ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ನೆಬ್ರೆ ಮಗಳ ಕಲ್ಲಿನ ಗುಂಡಿಗೆ ಗಾರೆ ತುಂಬಿ, ಅದರ ಮೇಲೆ ಕೆತ್ತಿದ. ಒಣಗಿ ಉದುರಿತು. ಮತ್ತೆ ತುಂಬಿದ, ಮತ್ತೆ ಉದುರಿತು. ಬೇರೆ ಕಲ್ಲು ನಿಲ್ಲಿಸೋಣವೆಂದರೆ, ಮಣ್ಣು ಮಾಡಿದ ದಿನ ಪೂಜಾರಿ ಮಂತ್ರ ಹೇಳಿ ಉಸಿರು ಕೊಟ್ಟದ್ದು ಈ ಕಲ್ಲಿಗೆ ಮಾತ್ರ.

ಮೊನ್ನೆ ಇನ್ನೊಂದು ಅಪ್ಪಣೆ ಬಂತು: ಆ ದೊರೆಯ ಹೆಸರನ್ನೇ ಗುಡಿಯ ಗೋಡೆಗಳಿಂದ ಕಿತ್ತುಹಾಕಬೇಕು, ಅವನ ಮನೆಯವರದ್ದೂ ಸೇರಿ. ಬುತ್ತಿ ಹೊತ್ತು ನಾನೂ ಗಂಡನ ಜೊತೆ ಹೊಳೆ ದಾಟಿದೆ. ಕಣ್ಣಾರೆ ನೋಡಬೇಕಿತ್ತು ನನಗೆ.

"ಕೊರಿ, ಇನ್ನೂ ಆಳಕ್ಕೆ ಕೊರಿ! ಅವನಿಗೆ ಒಂದು ತೊಟ್ಟು ನೀರೂ ಸಿಗಬಾರ್ದು," ಎಂದೆ.

ನೆಬ್ರೆ ಕೊರೆದ. ದೊರೆಯ ಹೆಸರು ಪುಡಿಪುಡಿಯಾಗಿ ನನ್ನ ಕಾಲ ಮೇಲೆ ಬಿತ್ತು. ಆಮೇಲೆ ಉಳಿಯನ್ನು ಕೆಳಗೆ ತಂದು ತಟ್ಟನೆ ನಿಲ್ಲಿಸಿದ. ಗೋಡೆಯಲ್ಲಿ ಕೆತ್ತಿದ್ದ ದೊರೆಯ ಮೊಣಕಾಲಿನ ಹತ್ತಿರ ಒಂದು ಪುಟ್ಟ ಹುಡುಗಿಯ ಚಿತ್ರ, ಪಕ್ಕದಲ್ಲಿ ಅವಳ ಹೆಸರು.

"ಸ್ವಲ್ಪ ಗಾರೆ ಕಲಸ್ಕೊಡೇ," ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಅವನ ಮಗಳಿಗೆ ಗಾರೆ, ನನ್ನ ಮಗಳಿಗೆ ಉಳಿನಾ? ಅವತ್ತು ಎಲ್ಲಿ ಹೋಗಿತ್ತೋ ನಿನ್ನ ಈ ಬುದ್ಧಿ?"

"ಅವತ್ತು ಹೆದರ್ಕೊಂಡೆ ಕಣೇ." ಕಲ್ಲುಪುಡಿ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡ.

ನಾನು ಆ ಹುಡುಗಿಯನ್ನು ನೋಡಿದೆ. ತಲೆಯ ಒಂದು ಪಕ್ಕಕ್ಕೆ ಜಡೆ ಇಳಿಬಿದ್ದಿತ್ತು. ನನ್ನ ಮಗಳಿಗೂ ನಾನು ಹಾಗೇ ಹೆಣೆಯುತ್ತಿದ್ದೆ. ಅವಳೇನು ಮಾಡಿದ್ದಳು, ಪಾಪ.

ನೀರು ಹಾಕಿ ಒಂದು ಹಿಡಿ ಗಾರೆ ಕಲಸಿ ನಾನೇ ಮೆತ್ತಿದೆ. ಅವಳ ಹೆಸರು ಪೂರ್ತಿ ಮುಚ್ಚಿದ ಮೇಲೂ ಕೈಯಲ್ಲಿ ಗಾರೆ ಉಳಿದಿತ್ತು, ಅವತ್ತು ನನ್ನ ಮಗಳ ಹೆಸರಿಗೂ ಸಾಕಾಗುತ್ತಿದ್ದಷ್ಟು.