ಸುದ್ದಿಯಲ್ಲಿ ಕಾಣದವರು

ಹವಾನಾದ ನಮ್ಮ ಸಿಗಾರ್ ಕಾರ್ಖಾನೆಯಲ್ಲಿ ನಾವು ಎಲೆ ಸುತ್ತುತ್ತಿರುವಾಗ, ಎತ್ತರದ ಕಟ್ಟೆಯ ಮೇಲೆ ಕುಳಿತು ನಮಗೆ ಪತ್ರಿಕೆ ಓದಿ ಹೇಳುವುದು ಇನ್ನೊಬ್ಬರ ಕೆಲಸ. ಕೇಳಿದ್ದು ಹಿಡಿಸಿದರೆ ಎಲೆ ಕೊಯ್ಯುವ ಕತ್ತಿಯಿಂದ ಮುಂದಿರುವ ಹಲಗೆ ಕುಟ್ಟುತ್ತೇವೆ. ಅದೇ ನಮ್ಮ ಚಪ್ಪಾಳೆ. ಕಸಿಲ್ದಾ ಓದಲು ಬಂದ ಮೇಲೆ, ನನ್ನ ಪಕ್ಕದಲ್ಲೇ ಕೂರುವ ನನ್ನ ಗಂಡ ಲಿಬೋರಿಯೊ ಕುಟ್ಟಿ ಕುಟ್ಟಿ ತನ್ನ ಹಲಗೆಯನ್ನೇ ಹಾಳುಮಾಡಿದ. ನನ್ನ ಅಡುಗೆಗೆ ಒಂದು ದಿನವೂ ತಟ್ಟೆ ಕುಟ್ಟಿದವನಲ್ಲ.

ಅವಳು ಬರೀ ಓದುವುದಿಲ್ಲ. ‘ಬಂದರಿನಲ್ಲಿ ಗಲಭೆ, ಇಬ್ಬರು ಕೂಲಿಗಳ ಸಾವು’ ಎಂದು ಓದಿ, ಪತ್ರಿಕೆ ಮಡಚುತ್ತಾಳೆ.

“ಸತ್ತೋರು ಇದ್ದಾರೆ. ಹೊಡೆದೋರು ಎಲ್ಲಿ? ಈ ಸುದ್ದೀಲಿ ಯಾರು ಕಾಣ್ತಿಲ್ಲ, ಹೇಳಿ.”

ಕುಟ್ಟುವುದೋ ಕುಟ್ಟುವುದು.

“ರೆಮೆ, ಎಲೆ ಹರೀತಿದೀಯ ಕಣೇ,” ಎಂದಳು ಎದುರು ಮೇಜಿನ ಮುದುಕಿ ಬೋನಿಫಾಸಿಯಾ. “ನಿನ್ನ ಹೊಟ್ಟೆಉರೀಲಿ ಸಿಗಾರ್ ಹಚ್ಕೋಬೋದು.”

“ನಂಗ್ಯಾಕೆ ಹೊಟ್ಟೆಕಿಚ್ಚು?” ಎಂದೆ. ಇತ್ತು. ಅವಳ ದನಿಯ ಮೇಲೆ, ಕುತ್ತಿಗೆಯ ಮೇಲೆ, ಪತ್ರಿಕೆ ಮಡಚುವ ಆ ಬೆರಳುಗಳ ಮೇಲೂ ಇತ್ತು.

ಭಾನುವಾರ ಲಿಬೋರಿಯೊ ತಡವಾಗಿ ಮನೆಗೆ ಬಂದ.

“ಹಾಗೇ ಮಾತು ಬೆಳೀತು. ಹೊತ್ತಾಯ್ತು.”

ಅನ್ನ, ಕಪ್ಪು ಬೀನ್ಸ್ ಬಡಿಸುತ್ತಾ ಕೇಳಿದೆ: “ಮಾತು ಯಾರ ಜೊತೆ? ಈ ಸುದ್ದೀಲಿ ಯಾರು ಕಾಣ್ತಿಲ್ಲ, ಹೇಳು.”

ಚಮಚ ನಿಂತಿತು. ಮದುವೆಯಾದಾಗಿನಿಂದ ನೋಡದಷ್ಟು ಮೆಚ್ಚಿಗೆಯಿಂದ ನನ್ನ ಮುಖ ನೋಡಿದ.

“ಥೇಟ್ ಅವಳ ಹಾಗೇ ಕೇಳ್ತೀಯಲ್ಲೇ,” ಅಂದ.

ಅವನ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು ಎಲ್ಲವನ್ನೂ ನಾನೇ ತಿಂದೆ.

ಮರುದಿನ ಕಸಿಲ್ದಾ ಓದಿದಳು: ‘ಅಸೂಯೆಯ ಭೂತ ಹೊಕ್ಕ ಗೃಹಿಣಿ: ಗೌರವಾನ್ವಿತ ಗುಮಾಸ್ತ ಪತಿಯ ಬಟ್ಟೆಬರೆ ಬಾಲ್ಕನಿಯಿಂದ ಬೀದಿಗೆ.’ ಆ ಗೃಹಿಣಿಯ ಕೆದರಿದ ಕೂದಲು, ಕಿರುಚಾಟ, ನೆರೆಯವರ ನಗು, ಎಲ್ಲವನ್ನೂ ವರದಿಗಾರ ಬಣ್ಣ ಕಟ್ಟಿ ಬರೆದಿದ್ದ. ಎಲ್ಲರೂ ನಕ್ಕರು. ಲಿಬೋರಿಯೊ ಎಲ್ಲರಿಗಿಂತ ಜೋರಾಗಿ ನಕ್ಕ.

ಕಸಿಲ್ದಾ ಪತ್ರಿಕೆ ಮಡಚಲಿಲ್ಲ. ಪ್ರಶ್ನೆ ಕೇಳದೆ ಮುಂದಿನ ಸುದ್ದಿಗೆ ಹೋದಳು.

ನಾನು ಎದ್ದು ನಿಂತೆ. “ಇವತ್ತು ಕೇಳಲ್ವೇನಮ್ಮಾ, ಯಾರು ಕಾಣ್ತಿಲ್ಲ ಅಂತ?”

ಕಸಿಲ್ದಾ ಪುಟ ತಿರುವಿದಳು.

“ನಾನೇ ಹೇಳ್ತೀನಿ. ಅವಳು ಹೇಗೆ ಕಿರುಚಿದ್ಲು ಅಂತ ಬರ್ದಿದ್ದಾರೆ. ಆ ಗಂಡ ಏನು ಮಾಡಿದ್ದ ಅಂತ ಇಲ್ಲ. ಯಾರ ಜೊತೆ ಅಂತಾನೂ ಇಲ್ಲ.”

ಮೊದಲು ಬೋನಿಫಾಸಿಯಾ ಕತ್ತಿ ಕುಟ್ಟಿದಳು. ಆಮೇಲೆ ಇಡೀ ಕಾರ್ಖಾನೆ ಕುಟ್ಟಿತು. ಕಟ್ಟೆಯ ಮೇಲಿದ್ದವಳು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ನನ್ನ ಪಕ್ಕದ ಹಲಗೆಯೊಂದೇ ಸುಮ್ಮನಿತ್ತು.